ಪೂಜೆಗಿಟ್ಟ ಕೋಳ

ನನ್ನ ಗಂಡ ಪೊಲೀಸ್ ಕಾನ್ಸ್‌ಟೇಬಲ್ ಆಗಿದ್ದರು ಎಂದರೆ ಈಗಿನ ಹೆಣ್ಣುಮಕ್ಕಳು ನನ್ನನ್ನು ಅಯ್ಯೋ ಪಾಪ ಎನ್ನುವಂತೆ ನೋಡುತ್ತಾರೆ. ಮನೆಯೊಳಗೂ ಲಾಠಿ ಹಿಡಿದೇ ಓಡಾಡುತ್ತಿದ್ದರು ಎಂದುಕೊಳ್ಳುತ್ತಾರೋ ಏನೋ. ಅಯ್ಯೋ ರಾಮ! ಆ ಮಹಾನುಭಾವರ ಬಾಯಿಂದ ಒಂದು ಮಾತು ಹೊರಡಬೇಕಾದರೆ ನಾನು ಹತ್ತು ಮಾತು ಆಡಬೇಕಾಗಿತ್ತು. ಆಳು ಬಾಗಿಲಿಗೆ ತಲೆ ತಗಲುವಷ್ಟು ಎತ್ತರ, ನೇಗಿಲು ಹಿಡಿದು ಗಟ್ಟಿಯಾದ ಕೈ. ಮೇಲಧಿಕಾರಿ ಎದುರಿಗೆ ಬಂದರೆ ಮಾತ್ರ ಗಂಟಲು ಕಟ್ಟಿಹೋಗುತ್ತಿತ್ತು. ಜಗಳಗಂಟಿ ಎಂಬ ಬಿರುದು ನಮ್ಮ ಲೈನಿನಲ್ಲಿ ನನಗಿತ್ತು, ಅದನ್ನು ನಾನು ಬೇಡ ಎಂದವಳೂ ಅಲ್ಲ.

ನಾವಿದ್ದದ್ದು ಭದ್ರಾವತಿಯ ಪೊಲೀಸ್ ಲೈನಿನಲ್ಲಿ. ಕನ್ನಡ ನಾಡೆಲ್ಲ ಒಂದಾಗಿ ಇನ್ನೂ ಹೊಸತು. ಸಾಲಾಗಿ ಹೆಂಚಿನ ಮನೆಗಳು, ಎಲ್ಲರಿಗೂ ಸೇರಿ ಒಂದು ನಲ್ಲಿ, ಆ ನಲ್ಲಿಯ ಸುತ್ತ ಬೆಳಗಿನಿಂದ ನಾವು ಹೆಂಗಸರು. ಕಬ್ಬಿಣದ ಕಾರ್ಖಾನೆಯ ಸೈರನ್ ಕೂಗಿದರೆ ಅನ್ನಕ್ಕೆ ಇಡುವುದು, ಇನ್ನೊಮ್ಮೆ ಕೂಗಿದರೆ ಕಸ ಗುಡಿಸುವುದು. ಪಕ್ಕದ ಮನೆಯಲ್ಲಿ ದಫೇದಾರರು, ಅಂದರೆ ಕಾನ್ಸ್‌ಟೇಬಲ್‌ಗಳ ಮೇಲಿನವರು. ಅವರ ಹೆಂಡತಿ ತಮಿಳು ಮನೆಮಾತಿನ ದಪ್ಪ ಹೆಂಗಸು, ನಕ್ಕರೆ ಇಡೀ ಲೈನಿಗೆ ಕೇಳಿಸುತ್ತಿತ್ತು. ನನಗೂ ಆಕೆಗೂ ವಾರಕ್ಕೊಮ್ಮೆ ನೀರಿಗಾಗಿ ಜಗಳ, ಮಿಕ್ಕ ದಿನಗಳಲ್ಲಿ ಒಂದೇ ತಟ್ಟೆಯಲ್ಲಿ ಉಪ್ಪಿಟ್ಟು.

ಠಾಣೆಯ ಇನ್ಸ್‌ಪೆಕ್ಟರು ಬಹಳ ದೈವಭಕ್ತರು. ಹಣೆಯ ಮೇಲೆ ಕಾಸಗಲದ ಕುಂಕುಮ, ಟೋಪಿ ತೆಗೆದರೆ ಒಳಗೆ ದೇವರ ಹೂವು. ಕೆಟ್ಟವರಲ್ಲ, ಆದರೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು. ಆಯುಧಪೂಜೆ ಬಂತೆಂದರೆ ಅವರಿಗೆ ಎಲ್ಲಿಲ್ಲದ ಸಂಭ್ರಮ. ಭದ್ರಾವತಿಯಲ್ಲಿ ಆ ಹಬ್ಬವೇ ದೊಡ್ಡದು ಬಿಡಿ. ಕಾರ್ಖಾನೆಯ ಯಂತ್ರಗಳಿಂದ ಹಿಡಿದು ಕ್ಷೌರದ ಅಂಗಡಿಯ ಕತ್ತರಿಯವರೆಗೆ ಎಲ್ಲಕ್ಕೂ ಅರಿಶಿನ ಕುಂಕುಮ. ನಮ್ಮ ಇನ್ಸ್‌ಪೆಕ್ಟರು ಆ ದಿನ ಯೂನಿಫಾರ್ಮ್ ಕಳಚಿ, ಪಂಚೆಯುಟ್ಟು ಮಡಿಯಲ್ಲಿ ಠಾಣೆಗೆ ಬರುತ್ತಿದ್ದರು. ಬಂದೂಕುಗಳನ್ನು ಗೋಡೆಗೆ ಆನಿಸಿ ಸೇವಂತಿಗೆ ಸುತ್ತುವುದು, ಲಾಠಿಗಳನ್ನು ಸಾಲಾಗಿ ಮಲಗಿಸುವುದು, ಬಾಳೆಲೆಯ ಮೇಲೆ ಕೈಕೋಳಗಳನ್ನು ಹರಡಿ ಒಂದೊಂದಕ್ಕೂ ಗಂಧ ಹಚ್ಚುವುದು, ಎಲ್ಲವನ್ನೂ ತಾವೇ ಮಾಡುತ್ತಿದ್ದರು. ಪೂಜೆ ಮುಗಿದ ಮೇಲೆ ಎಲ್ಲರನ್ನೂ ನಿಲ್ಲಿಸಿ ಅವರು ಕೊಡುತ್ತಿದ್ದ ಅಪ್ಪಣೆ ಇಡೀ ಲೈನಿಗೆ ಬಾಯಿಪಾಠವಾಗಿತ್ತು.

"ನಾಳೆ ನಾನು ಬಂದು ಕದಲಿಸೋ ತನಕ ಒಂದು ಲಾಠಿ ಕೂಡ ಅಲ್ಲಾಡಕೂಡದು. ವರ್ಷವೆಲ್ಲಾ ದುಡೀತಾವೆ, ಅವಕ್ಕೂ ಒಂದಿನ ರಜ ಬೇಡ್ವೇನ್ರೋ?"

ನಾನು ಹೇಳುತ್ತಿರುವ ವರ್ಷ ಹಬ್ಬದ ಹಿಂದಿನ ಸಂಜೆ ಒಬ್ಬ ಸೈಕಲ್ ಕಳ್ಳ ಸಿಕ್ಕಿಬಿದ್ದ. ಯಾರೋ ಪೂಜೆಗೆಂದು ತೊಳೆದು, ಎಣ್ಣೆ ಹಾಕಿ, ಬಿಸಿಲಿಗೆ ನಿಲ್ಲಿಸಿದ್ದ ಸೈಕಲ್ಲನ್ನು ಹತ್ತಿಕೊಂಡು ಹೊರಟಿದ್ದನಂತೆ. ಹಿಡಿದ ಮೇಲೆ ಇಪ್ಪತ್ನಾಲ್ಕು ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು, ಹಬ್ಬವಿರಲಿ ಹುಣ್ಣಿಮೆಯಿರಲಿ, ಅದು ಕಾನೂನು. ನಮ್ಮೂರಿನ ಮ್ಯಾಜಿಸ್ಟ್ರೇಟರು ದಸರಾ ನೋಡಲು ಮೈಸೂರಿಗೆ ಹೋಗಿದ್ದರು. ಹಾಗಾಗಿ ಶಿವಮೊಗ್ಗಕ್ಕೆ ಕರೆದೊಯ್ಯಬೇಕು ಎಂದಾಯಿತು. ಹಬ್ಬದ ಬೆಳಿಗ್ಗೆ, ಪೂಜೆ ಮುಗಿದ ಮೇಲೆ, ಆ ಡ್ಯೂಟಿ ನಮ್ಮವರ ತಲೆಗೆ ಬಂತು.

"ಕೋಳ, ಸಾರ್?" ಎಂದು ನಮ್ಮವರು ಬಾಳೆಲೆಯ ಕಡೆ ನೋಡಿದರಂತೆ.

"ಕೋಳ ಪೂಜೇಲಿರೋದು ಕಣ್ಣಿಗೆ ಕಾಣಲ್ವೇನಯ್ಯ? ಕೈ ಹಿಡ್ಕೊಂಡು ಹೋಗು! ಇಷ್ಟೆತ್ತರ ಬೆಳ್ದಿದ್ದೀಯ, ಅವನೇನ್ ಹಾರ್ಕೊಂಡು ಹೋಗ್ತಾನಾ?"

ಇದನ್ನು ದಫೇದಾರರು ಕೇಳಿದರು, ಪಾರಾ ಕಾವಲಿಗೆ ನಿಂತಿದ್ದ ಕಾನ್ಸ್‌ಟೇಬಲ್ ಕೇಳಿದರು, ಪೂಜೆಗೆ ಬಂದಿದ್ದ ಪುರೋಹಿತರೂ ಕೇಳಿದರು.

ನಮ್ಮವರು ಕಳ್ಳನ ಕೈ ಹಿಡಿದುಕೊಂಡು ಮೊದಲು ಮನೆಗೆ ಬಂದರು. ಕಳ್ಳ ಎಂದರೆ ಒಂದು ಹಿಡಿ ಮನುಷ್ಯ, ಅವರ ಭುಜಕ್ಕೂ ಬರುತ್ತಿರಲಿಲ್ಲ. ನಾನು ಬೀರುವಿನಿಂದ ಹೆಗಲಿಗೆ ಹಾಕುವ ಕೆಂಪು ಚೌಕ ತೆಗೆದು ಅವನ ಬಲಗೈಯನ್ನು ಇವರ ಎಡಗೈಗೆ ಗಟ್ಟಿಯಾಗಿ ಕಟ್ಟಿದೆ. ಕಟ್ಟುವಾಗ ಅವನು ಒಲೆಯ ಕಡೆ ನೋಡಿ, "ಹೋಳಿಗೆ ವಾಸನೆ ಬರ್ತಿದೆ ಅಕ್ಕಾ" ಎಂದ. ಹಬ್ಬದ ದಿನ ಬಾಗಿಲಿಗೆ ಬಂದವನಿಗೆ ಇಲ್ಲ ಎನ್ನಲಾಗುತ್ತದೆಯೇ? ಕಟ್ಟದೆ ಬಿಟ್ಟಿದ್ದ ಕೈಗೆ ಕೊಡಲು ಹೋದರೆ ಅದು ಎಡಗೈ, ಅವನು ತೆಗೆದುಕೊಳ್ಳಲಿಲ್ಲ. ಕೊನೆಗೆ ನಾನೇ ಬಾಯಿಗೆ ತುರುಕಿ ಕಳಿಸಿದೆ.

ಶಿವಮೊಗ್ಗದಲ್ಲಿ ಮ್ಯಾಜಿಸ್ಟ್ರೇಟರ ಮನೆಯಲ್ಲೂ ಪೂಜೆ ನಡೆದಿತ್ತು. ಸ್ವಲ್ಪ ಹೊತ್ತು ಬಿಟ್ಟು ಬನ್ನಿ ಎಂದು ಹೇಳಿ ಕಳಿಸಿದರು. ಹೊಟ್ಟೆ ಹಸಿದಿತ್ತು. ಇಬ್ಬರೂ ರೈಲ್ವೆ ಸ್ಟೇಷನ್ ಹತ್ತಿರದ ಹೋಟೆಲಿಗೆ ಹೋಗಿ ಕೂತರು. ಮಸಾಲೆ ದೋಸೆ ಬಂತು. ಅಲ್ಲಿಗೆ ಪೇಚು ಶುರುವಾಯಿತು. ಪಕ್ಕಪಕ್ಕ ಕೂತ ಇಬ್ಬರ ಕೈ ಕಟ್ಟಿದರೆ ಒಬ್ಬರದು ಎಡಗೈ, ಇನ್ನೊಬ್ಬರದು ಬಲಗೈ ಆಗಲೇಬೇಕಲ್ಲ. ನಮ್ಮವರು ತಿನ್ನುತ್ತಿದ್ದಾರೆ, ಕಳ್ಳ ಅವರ ಎಲೆಯನ್ನೂ ತನ್ನ ಎಲೆಯನ್ನೂ ಮಿಕಮಿಕ ನೋಡುತ್ತಿದ್ದಾನೆ. ಎಡಗೈಯಲ್ಲಿ ತಿನ್ನು ಎಂದು ಹೇಳಲು ಇವರಿಗೆ ಮನಸ್ಸು ಬರಲಿಲ್ಲ. ಚೌಕ ಬಿಚ್ಚಿದರು. ಅವನು ಚಟ್ನಿ ಎರಡೆರಡು ಸಲ ಹಾಕಿಸಿಕೊಂಡು ತಿಂದ. ಅದೇ ಹೊತ್ತಿಗೆ ಹೋಟೆಲಿನ ಮುಂದೆ ಒಂದು ಜೀಪು ನಿಂತಿತು. ಒಳಗಿದ್ದ ದೊಡ್ಡ ಅಧಿಕಾರಿಯೊಬ್ಬರು ಈ ದೃಶ್ಯವನ್ನು ಕಣ್ತುಂಬ ನೋಡಿ, ಇವರ ನಂಬರ್ ಕೇಳಿಕೊಂಡು ಹೋದರು.

ಕಳ್ಳ ಓಡಲಿಲ್ಲ. ತಿಂದು, ಕೈ ತೊಳೆದು, ತಾನೇ ಕೈ ಮುಂದೆ ಮಾಡಿ ಚೌಕ ಕಟ್ಟಿಸಿಕೊಂಡು ಮ್ಯಾಜಿಸ್ಟ್ರೇಟರ ಮುಂದೆ ನಿಂತ. ಇವರು ಸಂಜೆ ಮನೆಗೆ ಬಂದು ಎಲ್ಲ ಹೇಳಿದಾಗ ನಾನು ಹೊಟ್ಟೆ ಹುಣ್ಣಾಗುವಂತೆ ನಕ್ಕಿದ್ದೆ.

ದೀಪಾವಳಿಯ ಹೊತ್ತಿಗೆ ನಗು ಇಳಿಯಿತು. ಆ ದೊಡ್ಡ ಅಧಿಕಾರಿ ಇನ್ಸ್‌ಪೆಕ್ಟರಿಂದ ಸಮಜಾಯಿಷಿ ಕೇಳಿದ್ದರು: ಬಂದಿಯನ್ನು ಕೋಳವಿಲ್ಲದೆ ಕಳಿಸಿದ್ದು ಏಕೆ? ಇನ್ಸ್‌ಪೆಕ್ಟರು ಹೆದರಿ, ಕೋಳ ಕೊಟ್ಟಿದ್ದೆ, ಕಾನ್ಸ್‌ಟೇಬಲ್ಲೇ ಬೇಜವಾಬ್ದಾರಿಯಿಂದ ಬಿಟ್ಟುಹೋದ ಎಂದು ಬರೆದುಬಿಟ್ಟರು. ಅದರ ಮೇಲೆ ಕಳ್ಳನ ಜೊತೆ ಕೂತು ದೋಸೆ ತಿಂದು ಇಲಾಖೆಯ ಮಾನ ಕಳೆದದ್ದು ಬೇರೆ. ನಮ್ಮವರನ್ನು ಸಸ್ಪೆಂಡ್ ಮಾಡಿದರು. ಕೆಲಸ ಹೋದರೆ ಲೈನಿನ ಮನೆಯೂ ಹೋಗುತ್ತದೆ. ಮಗಳಿಗೆ ಆಗಿನ್ನೂ ಹಲ್ಲು ಮೂಡುತ್ತಿತ್ತು.

ಇವರು ಬೆಲ್ಟು, ಸೀಟಿ ಎಲ್ಲ ಒಪ್ಪಿಸಿ ಬಂದು ಜಗಲಿಯ ಮೇಲೆ ಕೂತರು. "ಇನ್ನೇನಿದೆ ಮಾರಾಯ್ತಿ. ದೊಡ್ಡೋರು ಬರೆದ ಮೇಲೆ ಮುಗೀತು. ಊರಿಗೆ ಹೋಗಿ ಅಣ್ಣನ ಜೊತೆ ಹೊಲ ಮಾಡಿದ್ರಾಯ್ತು."

ನನ್ನ ಪಿತ್ತ ನೆತ್ತಿಗೇರಿತು. "ಏನ್ ಮುಗೀತು? ನೀವು ಬಾಯಿ ಬಿಟ್ಟು ನಡೆದದ್ದು ಹೇಳಿದ್ರಾ?"

"ಯಾರೂ ಕೇಳ್ಲಿಲ್ವಲ್ಲ."

ಆ ಮಾತು ಕೇಳಿ ನನಗೆ ಮೈಯೆಲ್ಲ ಉರಿದುಹೋಯಿತು. ಕಳ್ಳನನ್ನು ಹಿಡಿದರೆ ಅವನನ್ನು ಕೇಳಬೇಕು, ಅದಕ್ಕೆ ಹಬ್ಬದ ದಿನವೂ ಮ್ಯಾಜಿಸ್ಟ್ರೇಟರ ಬಾಗಿಲು ತಟ್ಟಬೇಕು. ಅವನನ್ನು ಕರೆದೊಯ್ದ ಪೊಲೀಸನನ್ನು ಯಾರೂ ಕೇಳುವುದು ಬೇಡವೇ? ಮಗುವನ್ನು ಸೊಂಟಕ್ಕೆ ಏರಿಸಿಕೊಂಡು ಸೀದಾ ಶಿವಮೊಗ್ಗದ ಬಸ್ಸು ಹತ್ತಿದೆ.

ನನ್ನ ತಮ್ಮ ದುರ್ಗಿಗುಡಿಯಲ್ಲಿ ಒಂದು ಮಹಡಿಯ ಮೇಲೆ ಹೊಸದಾಗಿ ವಕೀಲಿಕೆಯ ಬೋರ್ಡು ಹಾಕಿಕೊಂಡಿದ್ದ. ಕರಿಕೋಟಿಗೆ ದಿನಾ ಇಸ್ತ್ರಿ, ಮೆಟ್ಟಿಲು ಹತ್ತಿ ಬರುವ ಕಕ್ಷಿದಾರ ಮಾತ್ರ ಒಬ್ಬನೂ ಇಲ್ಲ. ನಾನು ಏದುಸಿರು ಬಿಡುತ್ತಾ ಎಲ್ಲ ಹೇಳಿ ಮುಗಿಸಿದಾಗ ಅವನ ಮುಖ ಮದುವೆ ಮನೆಯಂತೆ ಬೆಳಗಿತು.

"ಅಕ್ಕಾ, ಭಾವನ್ನ ಹಂಗೆಲ್ಲ ತೆಗೆಯೋಕಾಗಲ್ಲ! ಸಂವಿಧಾನದಲ್ಲೇ ಇದೆ, ಮುನ್ನೂರ ಹನ್ನೊಂದನೇ ವಿಧಿ. ಏನ್ ತಪ್ಪು ಅಂತ ಬರೆದು ಕೊಡ್ಬೇಕು, ಉತ್ತರ ಹೇಳೋಕೆ ಟೈಮ್ ಕೊಡ್ಬೇಕು. ಯಾರ್ ಸಾಕ್ಷಿ ಹೇಳ್ತಾರೋ ಅವರನ್ನ ಭಾವನ ಎದುರಿಗೇ ಕೂರಿಸ್ಬೇಕು. ಭಾವ ಅವರಿಗೆ ಪಾಟಿ ಸವಾಲು ಹಾಕ್ಬಹುದು."

"ಇವರಾ? ಇನ್ಸ್‌ಪೆಕ್ಟ್ರಿಗೆ ಸವಾಲಾ?" ಎಂದೆ. ನನಗೆ ಅಳುವಿನ ನಡುವೆಯೂ ನಗು ಬಂತು. "ನೀನೇ ಬಂದು ಕೇಳೋ ಮಾರಾಯ, ಪುಣ್ಯ ಬರುತ್ತೆ."

ತಮ್ಮನ ಮುಖ ಬಾಡಿತು. ಇಲಾಖೆಯ ವಿಚಾರಣೆಗೆ ವಕೀಲರನ್ನು ಬಿಡುವುದಿಲ್ಲವಂತೆ. ಜೀವಮಾನದಲ್ಲಿ ಸಿಕ್ಕ ಮೊದಲ ಒಳ್ಳೆಯ ಕೇಸು ಬಾಗಿಲ ಹೊರಗೇ ಉಳಿಯಿತಲ್ಲ ಎಂದು ಕೋಟಿನ ತೋಳು ಸವರಿಕೊಂಡ. ಆದರೂ ಕೂತು ಅರ್ಜಿ ಬರೆದುಕೊಟ್ಟ. ಮೊದಲು ವಿಚಾರಣೆಗೆ ನೇಮಕವಾಗಿದ್ದವರು ಜೀಪಿನಲ್ಲಿದ್ದ ಅಧಿಕಾರಿಯೇ. ಕಣ್ಣಾರೆ ನೋಡಿ ತಪ್ಪು ಹಿಡಿದವರೇ ತೀರ್ಪುಗಾರರಾದರೆ ಹೇಗೆ ಎಂದು ಆ ಅರ್ಜಿಯಲ್ಲಿ ಕೇಳಿದ್ದ. ಅದಕ್ಕೆ ಬೆಲೆ ಸಿಗುತ್ತದೆಂದು ನಾನು ಎಣಿಸಿರಲಿಲ್ಲ. ಸಿಕ್ಕಿತು. ಬೇರೆ ಜಿಲ್ಲೆಯ ಒಬ್ಬ ಹಿರಿಯ ಅಧಿಕಾರಿಯನ್ನು ಹಾಕಿದರು.

ಈಗ ಉಳಿದದ್ದು ನಮ್ಮವರಿಗೆ ಬಾಯಿ ಬರಿಸುವ ಕೆಲಸ. ಲೈನಿನಲ್ಲಿ ಎಲ್ಲರಿಗೂ ಸತ್ಯ ಗೊತ್ತಿತ್ತು, ಎಲ್ಲರಿಗೂ ಹೆದರಿಕೆಯೂ ಇತ್ತು. ಪುರೋಹಿತರೂ ಪೊಲೀಸರ ಜಗಳ ನಮಗೇಕೆ ಎಂದು ಜಾರಿಕೊಂಡರು. ದಫೇದಾರರು ನಮ್ಮ ಜಗಲಿಯ ಮುಂದೆ ಹೋಗುವಾಗ ಆಕಾಶ ನೋಡಿಕೊಂಡು ಹೋಗುತ್ತಿದ್ದರು. ಒಂದು ದಿನ ಅವರ ಹೆಂಡತಿ ಕೊಡ ಕೆಳಗಿಟ್ಟು ನನ್ನ ಕೈ ಹಿಡಿದರು.

"ನಮ್ ಮನೆಯವ್ರು ಹೇಳಲ್ಲಮ್ಮಾ, ಅವ್ರಿಗೆ ಪ್ರಮೋಷನ್ ಭಯ. ನಾನು ಹೇಳ್ಬಹುದಾ? ನಾನು ಹೇಳ್ತೀನಿ!"

"ನೀವು ಆವತ್ತು ಠಾಣೇಲಿ ಇರ್ಲಿಲ್ವಲ್ಲ ಅಕ್ಕಾ."

"ಇದ್ದಂಗೇ ಹೇಳ್ತೀನಿ!"

ಅದು ಆಗದ ಕೆಲಸವೆಂದು ತಿಳಿದ ಮೇಲೆ ಆಕೆ ಬೇರೆ ದಾರಿ ಹಿಡಿದರು. ಮಧ್ಯಾಹ್ನದ ಊಟವಾದ ಮೇಲೆ ನಮ್ಮ ಮನೆಗೆ ಬಂದು, ಹಣೆಗೆ ಕಾಸಗಲದ ಕುಂಕುಮ ಇಟ್ಟುಕೊಂಡು, ಸೆರಗನ್ನು ಸೊಂಟಕ್ಕೆ ಬೆಲ್ಟಿನಂತೆ ಬಿಗಿದು, ಇಲ್ಲದ ಮೀಸೆ ತಿರುವುತ್ತಾ ಇನ್ಸ್‌ಪೆಕ್ಟರಾಗಿ ಕೂತರು. ನಾನು ವಿಚಾರಣೆಯ ಅಧಿಕಾರಿ. ನಮ್ಮವರು ನಮ್ಮವರೇ. ತಮ್ಮ ಬರೆದುಕೊಟ್ಟ ಪ್ರಶ್ನೆಗಳನ್ನು ಒಂದೊಂದಾಗಿ ಕೇಳಬೇಕು. ಬೆಳಿಗ್ಗೆ ಎಷ್ಟು ಹೊತ್ತಿಗೆ ಬಂದಿರಿ, ಪೂಜೆಗೆ ಏನೇನು ಇಟ್ಟಿರಿ, ಕದಲಿಸಿದ್ದು ಯಾವಾಗ, ಹೀಗೆ.

ನಮ್ಮವರು ಎದ್ದು ನಿಂತು, "ತಾವು... ಬೆಳಿಗ್ಗೆ..." ಎನ್ನುವುದೇ ತಡ, ಆಕೆ "ಏಯ್! ನಿಂತ್ಕೊಳ್ಳೋದು ನೋಡು! ಬಟನ್ ಹಾಕೋ!" ಎಂದು ಗುಡುಗಿದರು. ಇವರು ಬೆಚ್ಚಿ ಬನಿಯನ್ನಿಗೆ ಬಟನ್ ಹುಡುಕಿದರು. ಬಾಗಿಲಲ್ಲಿ ಸೇರಿದ್ದ ಹೆಂಗಸರು ಬಿದ್ದು ಬಿದ್ದು ನಕ್ಕರು. ಆಮೇಲೆ ಆಕೆಯೇ ಕಣ್ಣೊರೆಸಿಕೊಂಡು, "ಮತ್ತೆ ಕೇಳಪ್ಪಾ, ಈ ಸಲ ಬಯ್ಯಲ್ಲ" ಎಂದರು. ಮತ್ತೆ ಬಯ್ದರು. ಸಂಕಟದ ಕಾಲ ನಿಜ. ಆದರೆ ಅಷ್ಟು ನಕ್ಕದ್ದು ನನ್ನ ಸಂಸಾರದಲ್ಲಿ ಹಿಂದೆಯೂ ಇಲ್ಲ, ಮುಂದೆಯೂ ಇಲ್ಲ. ದಿನ ಕಳೆದಂತೆ ಇವರು ಎಲ್ಲ ಪ್ರಶ್ನೆಗಳನ್ನೂ ತಡೆಯದೆ ಕೇಳುವಷ್ಟಾದರು. ತಮ್ಮ ಬಂದು ನೋಡಿ, "ಭಾವ ನನಗಿಂತ ಒಳ್ಳೆ ವಕೀಲ್ರಾದ್ರು" ಎಂದ. ಲೈನಿನ ಹೆಂಗಸರು ಅವನಿಗೆ ಮುನ್ನೂರ ಹನ್ನೊಂದು ಎಂದೇ ಹೆಸರಿಟ್ಟರು.

ವಿಚಾರಣೆ ಶಿವಮೊಗ್ಗದಲ್ಲಿ, ಹಳೆಯ ಹೆಂಚಿನ ಕಚೇರಿಯೊಂದರಲ್ಲಿ ಆಯಿತು. ಮಗುವನ್ನು ದಫೇದಾರರ ಹೆಂಡತಿಗೆ ಒಪ್ಪಿಸಿ ನಾನೂ ಹೋದೆ. ಕಚೇರಿಯ ಜವಾನ ಒಳ್ಳೆಯವನು. ಊಟದ ಕ್ಯಾರಿಯರ್ ಹಿಡಿದುಕೊಂಡಿದ್ದ ನನ್ನನ್ನು ನೋಡಿ ಪಡಸಾಲೆಯ ಬೆಂಚಿನ ಮೇಲೆ ಕೂರಿಸಿದ. ಬೆಂಚಿನ ಹಿಂದೆಯೇ ಕಿಟಕಿ, ಕಿಟಕಿ ತೆರೆದೇ ಇತ್ತು. ನನಗಿನ್ನೇನು ಬೇಕು! ತಮ್ಮ ಕರಿಕೋಟು ಹಾಕಿಕೊಂಡು ಅಂಗಳದ ಮರದ ಕೆಳಗೆ ಚಡಪಡಿಸುತ್ತಿದ್ದ. ಅವನ ಪಕ್ಕದಲ್ಲಿ ನಮ್ಮ ಸೈಕಲ್ ಕಳ್ಳ. ಶಿಕ್ಷೆ ಮುಗಿಸಿ ಹೊರಗೆ ಬಂದಿದ್ದವನನ್ನು ತಮ್ಮ ಹುಡುಕಿ, ನಮ್ಮ ಪರ ಸಾಕ್ಷಿಗೆಂದು ಕರೆತಂದಿದ್ದ. ಅವನು ತಲೆಗೆ ಎಣ್ಣೆ ಹಚ್ಚಿ, ಒಗೆದ ಅಂಗಿ ತೊಟ್ಟು, ಮದುಮಗನಂತೆ ನಿಂತಿದ್ದ.

ಒಳಗೆ ಮೇಜಿನ ಹಿಂದೆ ನೆರೆತ ಮೀಸೆಯ ಅಧಿಕಾರಿ, ಪಕ್ಕದಲ್ಲಿ ಬರೆದುಕೊಳ್ಳಲು ಒಬ್ಬ ಗುಮಾಸ್ತ. ನಮ್ಮವರು ಹೋಗಿ ಅಟೆನ್ಷನ್ನಿನಲ್ಲಿ ನಿಂತರು.

"ಕೂತ್ಕೊಳ್ಳಿ" ಎಂದರು ಅಧಿಕಾರಿ.

ನಮ್ಮವರು ಹಿಂತಿರುಗಿ ನೋಡಿದರು, ತಮ್ಮ ಹಿಂದೆ ಯಾರೋ ಬಂದಿದ್ದಾರೆಂದುಕೊಂಡು.

"ನಿಮಗೇ ಹೇಳಿದ್ದು. ಕೂತ್ಕೊಳ್ಳಿ."

ಇವರು ಕುರ್ಚಿಯ ತುದಿಯಲ್ಲಿ ಕೂತರು. ಆರೋಪ ಓದಿದರು, ಒಪ್ಪುವುದಿಲ್ಲ ಎಂದು ಇವರು ಹೇಳಿದರು. ಇನ್ಸ್‌ಪೆಕ್ಟರನ್ನು ಸಾಕ್ಷಿಗೆ ಕರೆದರು. ಅವರು ಬಂದು, ಗೋಡೆಯ ಕಡೆ ನೋಡುತ್ತಾ, ಕೋಳ ಕೊಟ್ಟಿದ್ದೆ, ಇವನು ಬಿಟ್ಟುಹೋದ ಎಂದು ಒಂದೇ ಉಸಿರಿಗೆ ಹೇಳಿ ಮುಗಿಸಿದರು. ಹೇಳುವಾಗ ಅವರ ಹಣೆಯ ಕುಂಕುಮ ಬೆವರಿಗೆ ಇಳಿಯುತ್ತಿತ್ತು.

"ಈಗ ಇವರಿಗೆ ನೀವು ಪ್ರಶ್ನೆ ಕೇಳಬಹುದು" ಎಂದು ಅಧಿಕಾರಿ ನಮ್ಮವರ ಕಡೆ ತಿರುಗಿದರು.

ನಮ್ಮವರು ಎದ್ದರು. ಎದ್ದವರೇ ಇನ್ಸ್‌ಪೆಕ್ಟರಿಗೆ ಫಟ್ಟನೆ ಒಂದು ಸೆಲ್ಯೂಟ್ ಹೊಡೆದರು. ನಾನು ಹಣೆ ಚಚ್ಚಿಕೊಂಡೆ.

"ಸಾಕ್ಷಿಗೆ ಸೆಲ್ಯೂಟ್ ಬೇಡಪ್ಪ" ಎಂದರು ಅಧಿಕಾರಿ, ನಗು ತಡೆದುಕೊಂಡು. "ಪ್ರಶ್ನೆ ಕೇಳಿ."

ನಮ್ಮವರು ಬಾಯಿ ತೆರೆದರು. ಮಾತಿಲ್ಲ. ಬೆಳಿಗ್ಗೆ ಎಷ್ಟು ಹೊತ್ತಿಗೆ ಬಂದಿರಿ ಅನ್ನಿ, ಅನ್ನಿ ಎಂದು ನಾನು ಕಿಟಕಿಯಾಚೆ ತುಟಿಯಾಡಿಸುತ್ತಿದ್ದೇನೆ, ಅವರು ನನ್ನ ಕಡೆ ನೋಡುತ್ತಲೇ ಇಲ್ಲ. ಅಷ್ಟು ದಿನ ಕಲಿಸಿದ್ದೆಲ್ಲ ನೀರಿನಲ್ಲಿ ಹೋಮವಾಯಿತಲ್ಲ! ಊರು, ಹೊಲ, ಇವರ ಅಣ್ಣನ ಮನೆಯ ಹಂಗಿನ ಊಟ, ಎಲ್ಲ ಕಣ್ಣಮುಂದೆ ಬಂತು.

"ನಿಧಾನವಾಗಿ ಕೇಳಿ, ಅವಸರವಿಲ್ಲ" ಎಂದರು ಅಧಿಕಾರಿ. "ನಿಮ್ಮ ಮಾತು ಕೇಳೋಕೇ ನಾನು ಇಲ್ಲಿ ಕೂತಿರೋದು."

ನಮ್ಮವರು ಆಗ ನನ್ನ ತಮ್ಮ ಬರೆದುಕೊಡದ, ನಾನು ಹೇಳಿಕೊಡದ, ತಮ್ಮದೇ ಒಂದು ಪ್ರಶ್ನೆ ಕೇಳಿದರು.

"ಸಾರ್... ಆವತ್ತು ಪೂಜೆಗಿಟ್ಟಿದ್ದ ಆ ಕೋಳಾನ ನಾನು ಎತ್ಕೊಂಡು ಹೋಗಿದ್ರೆ, ತಾವು ಸುಮ್ನೆ ಬಿಡ್ತಿದ್ರಾ?"

ಇನ್ಸ್‌ಪೆಕ್ಟರ ಮುಖ ಕೆಂಪಗಾಯಿತು. ಗೋಡೆ ಬಿಟ್ಟು ಇವರ ಕಡೆ ತಿರುಗಿದರು. "ಎತ್ಕೊಂಡು ಹೋಗೋದಾ? ಕದಲಿಸೋಕೆ ಮುಂಚೆ ಪೂಜೆಗಿಟ್ಟಿದ್ದನ್ನ ಮುಟ್ಟೋದಾ? ಕೈ ಮುರೀತಿದ್ದೆ ನಿಂದು! ಅದಕ್ಕೇ ಅಲ್ವೇನೋ ಕೈ ಹಿಡ್ಕೊಂಡು ಹೋಗು ಅಂದಿದ್ದು!"

ಗುಮಾಸ್ತನ ಪೆನ್ನು ನಿಂತಿತು. ಇನ್ಸ್‌ಪೆಕ್ಟರು ತಾವು ಏನು ಹೇಳಿದೆವೆಂದು ತಿಳಿದು ಅಲ್ಲೇ ಕಲ್ಲಾದರು.

"ಬರ್ಕೊಳ್ರಿ" ಎಂದರು ಅಧಿಕಾರಿ.

"ಕೈ ಮುರೀತಿದ್ದೆ ಅನ್ನೋದನ್ನೂ ಬರೀಲಾ ಸಾರ್?"

"ಅದನ್ನೂ ಬರೀರಿ."

ನಾನು ಸೆರಗು ಬಾಯಿಗೆ ತುರುಕಿಕೊಂಡೆ, ಇಲ್ಲದಿದ್ದರೆ ಕಿರುಚಿಬಿಡುತ್ತಿದ್ದೆ. ಪಾಪ, ಆ ಮನುಷ್ಯ ಸುಳ್ಳು ಹೇಳಬಲ್ಲವರಾಗಿದ್ದರು. ಪೂಜೆಗಿಟ್ಟದ್ದನ್ನು ಯಾರೋ ಮುಟ್ಟುವುದನ್ನು ಮಾತಿಗೂ ಸಹಿಸಬಲ್ಲವರಾಗಿರಲಿಲ್ಲ. ಅಧಿಕಾರಿ ಕೇಳಿದಾಗ ತಲೆ ತಗ್ಗಿಸಿ, "ಹೆದರಿಬಿಟ್ಟೆ ಸಾರ್. ಠಾಣೆಯ ಆಯುಧ ಎಲ್ಲಾ ಒಂದಿನ ಹಂಗೇ ಇಟ್ಟಿದ್ದೆ ಅಂತ ಗೊತ್ತಾದ್ರೆ ಕೆಲಸ ಹೋಗುತ್ತೆ ಅಂತ ಬರೆದುಬಿಟ್ಟೆ" ಎಂದರು.

"ಅದು ಸರಿ" ಎಂದು ಅಧಿಕಾರಿ ನಮ್ಮವರ ಕಡೆ ತಿರುಗಿದರು. "ಹೋಟೆಲಲ್ಲಿ ಕೈ ಬಿಚ್ಚಿದ್ದು ಯಾಕೆ?"

ಒಮ್ಮೆ ಬಾಯಿ ಬಂದಿತ್ತಲ್ಲ, ಈಗ ತಡೆಯಿರಲಿಲ್ಲ. "ಹಬ್ಬದ ದಿನ ಎಡಗೈಲಿ ತಿನ್ನು ಅಂತ ಹೆಂಗ್ ಹೇಳ್ಲಿ ಸಾರ್?"

"ಅವನು ಓಡಿ ಹೋಗಿದ್ರೆ?"

"ಮಸಾಲೆ ದೋಸೆ ಅರ್ಧಕ್ಕೆ ಬಿಟ್ಟು ಯಾರ್ ಓಡ್ತಾರೆ ಸಾರ್?"

ಈ ಸಲ ಗುಮಾಸ್ತನಿಗೆ ತಡೆಯಲಾಗಲಿಲ್ಲ. ಅಧಿಕಾರಿಯೂ ಕನ್ನಡಕ ತೆಗೆದು ಒರೆಸಿಕೊಂಡರು. ಹೀಗೆ ಬಿಚ್ಚಬಾರದಿತ್ತು, ಇನ್ನು ಮುಂದೆ ಎಚ್ಚರವಿರಲಿ ಎಂದು ಬುದ್ಧಿ ಹೇಳಿದರು. ಮುಖ್ಯ ಆರೋಪ ಸಾಬೀತಾಗಿಲ್ಲವೆಂದು ವರದಿ ಬರೆಯುತ್ತೇನೆ ಎಂದರು. ನಾನು ಬೆಂಚಿನ ಮೇಲೆ ಕೂತಲ್ಲೇ ಕೈ ಮುಗಿದೆ. ಕೊನೆಗೆ ಪದ್ಧತಿಯಂತೆ, "ನೀವು ಇನ್ನೇನಾದರೂ ಹೇಳೋದಿದೆಯಾ?" ಎಂದು ಕೇಳಿದರು.

ಇಲ್ಲ ಸಾರ್ ಎಂದು ಬರುತ್ತಾರೆ ಎಂದುಕೊಂಡು ನಾನು ಕ್ಯಾರಿಯರ್ ಎತ್ತಿಕೊಂಡಿದ್ದೆ. ಇವರು ಎದ್ದು ನಿಂತರು.

"ಒಂದೇ ಮಾತು ಸಾರ್. ಇನ್ಸ್‌ಪೆಕ್ಟ್ರು ಸಾಹೇಬ್ರ ಮೇಲೆ ಏನಾದ್ರೂ ಮಾಡೋದಿದ್ರೆ, ಅವರನ್ನೂ ಹಿಂಗೇ ಕುರ್ಚಿ ಹಾಕಿ ಕೂರ್ಸಿ ಕೇಳಿ ಸಾರ್. ಕೇಳ್ದೆ ಏನೂ ಮಾಡ್ಬೇಡಿ."

ಇನ್ಸ್‌ಪೆಕ್ಟರು ಕರ್ಚೀಫಿನಿಂದ ಮುಖ ಮುಚ್ಚಿಕೊಂಡರು. ಗುಮಾಸ್ತ ಯಾರೂ ಹೇಳದೆಯೇ ಬರೆದುಕೊಂಡ.

ಹೊರಗೆ ತಮ್ಮ ಓಡಿ ಬಂದು ಭಾವನನ್ನು ತಬ್ಬಿಕೊಂಡ. ಕಳ್ಳನಿಗೆ ಮಾತ್ರ ಬೇಜಾರೋ ಬೇಜಾರು. "ನನ್ನ ಕರೀಲೇ ಇಲ್ವಲ್ಲ ಅಕ್ಕಾ. ದಾರೀಲೆಲ್ಲಾ ಬಾಯಿಪಾಠ ಮಾಡ್ಕೊಂಡ್ ಬಂದಿದ್ದೆ" ಎಂದು ಗೊಣಗಿದ. ಮರದ ಕೆಳಗೆ ಕ್ಯಾರಿಯರ್ ಬಿಚ್ಚಿ ನಾಲ್ವರೂ ಊಟ ಮಾಡಿದೆವು. ಅವನು ಹೇಳಬೇಕೆಂದಿದ್ದ ಸಾಕ್ಷಿಯನ್ನು ಮೊದಲಿನಿಂದ ಕೊನೆಯವರೆಗೆ ನಮಗೇ ಹೇಳಿ ಮುಗಿಸಿದ. ತಮ್ಮ ಗಂಭೀರವಾಗಿ ಕೂತು ಪಾಟಿ ಸವಾಲು ಹಾಕಿದ.

ಆದೇಶ ಬಂದದ್ದು ಸಂಕ್ರಾಂತಿ ಕಳೆದ ಮೇಲೆ. ಅದನ್ನು ಈಗಲೇ ಹೇಳಿಬಿಡುತ್ತೇನೆ. ನಮ್ಮವರು ಮತ್ತೆ ಡ್ಯೂಟಿಗೆ ಹೋದ ದಿನ ದಫೇದಾರರ ಹೆಂಡತಿ ಇಡೀ ಲೈನಿಗೆ ಕೇಸರಿಬಾತು ಹಂಚಿದರು. ದಫೇದಾರರು ಆಕಾಶ ನೋಡುವುದನ್ನು ಬಿಟ್ಟು ನಮ್ಮ ಜಗಲಿಯ ಮೇಲೆ ಬಂದು ಕೂತರು, ನಾನೂ ಎರಡು ಮಾತು ಚುಚ್ಚಿ ಕಾಫಿ ಕೊಟ್ಟೆ. ಇನ್ಸ್‌ಪೆಕ್ಟರ ಮೇಲೂ ವಿಚಾರಣೆ ನಡೆಯಿತು. ಅವರನ್ನು ಕೂರಿಸಿ ಕೇಳಿದರಂತೆ. ಛೀಮಾರಿ ಹಾಕಿ ಬೇರೆ ಊರಿಗೆ ವರ್ಗ ಮಾಡಿದರು, ಕೆಲಸ ಉಳಿಯಿತು.

ಇದೆಲ್ಲ ಆಮೇಲಿನ ಮಾತು. ವಿಚಾರಣೆಯ ಸಂಜೆ ನಾವು ಭದ್ರಾವತಿಗೆ ರೈಲು ಹತ್ತಿದಾಗ ನನಗೆ ಸಂತೋಷಕ್ಕಿಂತ ಸಿಟ್ಟೇ ಹೆಚ್ಚಾಗಿತ್ತು. ಸೀಟು ಸಿಕ್ಕಿ ಕೂತದ್ದೇ ತಡ, ಶುರು ಮಾಡಿದೆ.

"ಅಲ್ರೀ, ನಮ್ಮ ಅನ್ನಕ್ಕೇ ಕಲ್ಲು ಹಾಕೋಕೆ ಹೋದೋರು ಅವರು! ಮಗು ಎತ್ಕೊಂಡು ಬೀದೀಲಿ ನಿಲ್ಲೋ ಹಂಗಾಗಿತ್ತು. ಅವರ ಪರವಾಗಿ ಕೇಳ್ಕೊಳ್ಳೋಕೆ ನಿಮಗೇನ್ ಬಂದಿತ್ತು? ದೊಡ್ಡ ಧರ್ಮರಾಯರು!"

ಅವರು ಕಿಟಕಿಯಾಚೆ ನೋಡುತ್ತಿದ್ದರು. ಗದ್ದೆಗಳಲ್ಲಿ ಕುಯಿಲು ನಡೆದಿತ್ತು. ನಾನು ಇನ್ನೇನು ಎರಡನೆಯ ಕಂತು ಶುರು ಮಾಡಬೇಕು, ಅವರೇ ತಿರುಗಿದರು.

"ಮಾರಾಯ್ತಿ, ನಾನು ಪೊಲೀಸಿಗೆ ಸೇರಿದಾಗಿಂದ ಒಬ್ರೂ ನನ್ನ ಮಾತು ಮುಗಿಯೋ ತನಕ ಕೇಳಿರ್ಲಿಲ್ಲ ಕಣೇ. ಇವತ್ತು ಅಷ್ಟು ದೊಡ್ಡೋರು ಸುಮ್ನೆ ಕೂತು ಕೇಳಿದ್ರು. ಎಷ್ಟು ಹಗುರಾಯ್ತು ಗೊತ್ತಾ? ನಮ್ಮ ಇನ್ಸ್‌ಪೆಕ್ಟ್ರನ್ನೂ ಯಾರೂ ಯಾವತ್ತೂ ಕೇಳಿರಲ್ಲ ಪಾಪ. ಕೇಳಿದ್ರೆ ಅವರು ಯಾಕೆ ಅಷ್ಟು ಹೆದರ್ತಿದ್ರು?"

ನನಗೆ ಅಳುವೂ ನಗುವೂ ಒಟ್ಟಿಗೇ ಬಂತು. ಏನೋ ಹೇಳಲೆಂದು ಬಾಯಿ ತೆರೆದೆ. ಅವರು ಇನ್ನೂ ಹೇಳುವವರಿದ್ದರು. ಚಿಕ್ಕಂದಿನಲ್ಲಿ ಮೇಷ್ಟರ ಮುಂದೆ ನಾಲಿಗೆ ಕಟ್ಟಿದ್ದು, ಮೊದಲ ದಿನದ ಕವಾಯತು, ನನ್ನನ್ನು ನೋಡಲು ಬಂದ ದಿನ ಕೇಳಬೇಕೆಂದುಕೊಂಡು ಕೇಳದೇ ಹೋದ ಮಾತು, ಒಂದೊಂದೇ ಹೊರಗೆ ಬಂತು. ನಾನು ಬಾಯಿ ಮುಚ್ಚಿಕೊಂಡು ಕೂತೆ. ಭದ್ರಾವತಿ ಬರುವ ತನಕ ಅವರೇ ಮಾತಾಡಿದರು.